ದುರಸ್ತಿಯ ಚೀಟಿ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾಡುನುಡಿಯ ವಿಷಯವಾಗಿ ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಬಲ್ಲವರು ಆಗಲೇ ಮಾತನಾಡಿದ್ದಾರೆ. ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯವೇ ಬೇರೆ: ಕಾರ್ಖಾನೆಯಲ್ಲಿ ಅಪಘಾತವಾಗದಂತೆ ನೋಡಿಕೊಳ್ಳುವ ವಿದ್ಯೆ, ಮತ್ತು ನಮ್ಮ ಹುಡುಗರು ಅದನ್ನು ಓದಬಹುದೇ ಎಂಬ ಪ್ರಶ್ನೆ. ನಾನು ಇಂಜಿನಿಯರನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಯಂತ್ರದ ಮಾತಿನಲ್ಲಿ ತಪ್ಪಿದರೆ ಪಿಂಪ್ರಿ, ಭೋಸರಿ ಕಡೆಯಿಂದ ಬಂದಿರುವ ಹಿರಿಯರು ಕುಳಿತಲ್ಲಿಂದಲೇ ತಿದ್ದಬೇಕೆಂದು ಅರಿಕೆ.

ಒಪ್ಪಿಕೊಂಡದ್ದಕ್ಕೆ ಕಾರಣ ಮನೆಯದು. ನಮ್ಮ ತಂದೆಯವರು ವಿಜಾಪುರದ ಕಡೆಯಿಂದ ಈ ಊರಿಗೆ ಬಂದು ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ದುಡಿದವರು. ಪವರ್ ಪ್ರೆಸ್ ಎಂದರೆ ತಗಡನ್ನು ಒಂದೇ ಏಟಿಗೆ ಅಚ್ಚಿನ ಆಕಾರಕ್ಕೆ ಕತ್ತರಿಸುವ ಯಂತ್ರ. ಪೆಡಲು ತುಳಿದಾಗ ರ‍್ಯಾಮು ಒಮ್ಮೆ ಇಳಿದು, ಮೇಲೇರಿ, ನಿಲ್ಲಬೇಕು. ಕ್ಲಚ್ಚನ್ನು ಬಿಡಿಸುವ ಕೊಂಡಿಯ ಸ್ಪ್ರಿಂಗು ಮುರಿದರೆ ಅದು ನಿಲ್ಲದೆ ತಾನಾಗಿ ಇನ್ನೊಮ್ಮೆ ಬೀಳುತ್ತದೆ. ‘ಡಬಲ್ ಬೀಳಾಕತ್ತೈತಿ’ ಎಂದು ಕೆಲಸದವರು ಮೂರು ದಿನ ಮುಕಾದಮನಿಗೆ ಹೇಳಿದ್ದರಂತೆ. ರವಿವಾರ ನೋಡೋಣ ಎಂದಿದ್ದನಂತೆ ಅವನು. ಗುರುವಾರವೇ ಬಿತ್ತು. 2001ರ ಮಾತು, ನಾನಾಗ ಐದನೆಯ ಇಯತ್ತೆಯಲ್ಲಿದ್ದೆ. ಅಪ್ಪನ ಬಲಗೈಯ ಎರಡು ಬೆರಳು ಹೋದವು. ಪರಿಹಾರದ ಹಣಕ್ಕಾಗಿ ತಿರುಗಿದ ಕಥೆ ಇಲ್ಲಿ ಬೇಡ. ಆಸ್ಪತ್ರೆಯಿಂದ ಬಂದ ದಿನವೇ ಅಪ್ಪ ನನಗೆ, ‘ತಮ್ಮಾ, ನೀ ಮಾತ್ರ ಕಾರಖಾನಿ ಕಡೆ ಹೊಳ್ಳಿ ನೋಡಬ್ಯಾಡ’ ಎಂದರು. ನಾನು ನೋಡಲಿಲ್ಲ.

ಈಗ ನನ್ನ ಅಕ್ಕನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿದ್ದಾನೆ. ಮುಂದೆ ಸೇಫ್ಟಿ ಓದುತ್ತೇನೆ ಎಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ದೊಡ್ಡ ಜಗಳ. ‘ಮಾಮಾ, ನೀವಾದರೂ ಒಮ್ಮೆ ಓದಿ ನೋಡ್ರಿ’ ಎಂದು ಅವನು ತನ್ನ ಪುಸ್ತಕಗಳನ್ನು ನನ್ನ ಮುಂದೆ ಹಾಕಿದ. ಒಲ್ಲದ ಮನಸ್ಸಿನಿಂದ ತೆರೆದೆ. ತೆರೆದ ಪುಟದಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಕಂಡದ್ದು ನನ್ನದೇ ಕಸುಬು: ರಿಜಿಸ್ಟರು, ಸಹಿ, ಒಬ್ಬರಿಂದೊಬ್ಬರಿಗೆ ಅಧಿಕಾರ ವಹಿಸಿಕೊಡುವ ಕ್ರಮ.

ಪೈಪರ್ ಆಲ್ಫಾ ಎಂಬುದು ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಸುಮಾರು 190 ಕಿಲೋಮೀಟರು ದೂರದಲ್ಲಿ, ಉತ್ತರ ಸಮುದ್ರದ ನಡುವೆ ಎಣ್ಣೆ ಮತ್ತು ಅನಿಲ ತೆಗೆಯುತ್ತಿದ್ದ ಉಕ್ಕಿನ ಕಟ್ಟಡ. 1988ರ ಜುಲೈ 6ರಂದು ಅಲ್ಲಿದ್ದ ಎರಡು ಪಂಪುಗಳಲ್ಲಿ ಒಂದರ ಸುರಕ್ಷಾ ಕವಾಟವನ್ನು ಹಗಲು ಪಾಳಿಯವರು ಪರೀಕ್ಷೆಗಾಗಿ ಬಿಚ್ಚಿದರು. ಸಂಜೆ ಆರಕ್ಕೆ ಪಾಳಿ ಬದಲಾಗುವ ಹೊತ್ತಿಗೆ ಕೆಲಸ ಮುಗಿದಿರಲಿಲ್ಲ. ತೆರೆದ ಕೊಳವೆಯ ಬಾಯಿಗೆ ಒಂದು ಲೋಹದ ಮುಚ್ಚಳವನ್ನಿಟ್ಟು, ಕೆಲಸ ನಿಂತಿದೆ ಎಂದು ಪರವಾನಗಿ ಚೀಟಿಯಲ್ಲಿ ಬರೆದು ಹೋದರು. ಅದೇ ಪಂಪಿನ ದುರಸ್ತಿಗೆ ಇನ್ನೊಂದು ಚೀಟಿಯೂ ಇತ್ತು. ಆ ದುರಸ್ತಿ ಆರಂಭವಾಗಿರಲಿಲ್ಲ. ಒಂದು ಚೀಟಿಯಲ್ಲಿ ಇನ್ನೊಂದರ ಉಲ್ಲೇಖವಿಲ್ಲ. ರಾತ್ರಿ ಪಾಳಿಯವರು ಬಲ್ಲದ್ದು ಎರಡನೆಯದನ್ನು ಮಾತ್ರ. ಕವಾಟವಿದ್ದ ಜಾಗವೋ ಪಂಪಿನ ಪಕ್ಕದಲ್ಲಿ ಕಣ್ಣಿಗೆ ಬೀಳುವಂಥದಲ್ಲ, ಮೇಲೆಲ್ಲೋ.

ಒಂಬತ್ತೂ ಮುಕ್ಕಾಲರ ಸುಮಾರಿಗೆ ನಡೆಯುತ್ತಿದ್ದ ಪಂಪು ನಿಂತಿತು. ನಿಂತದ್ದು ಹಾಗೆಯೇ ಉಳಿದರೆ ಇಡೀ ಉತ್ಪಾದನೆಯೇ ನಿಲ್ಲಬೇಕು. ಇನ್ನೊಂದರ ದುರಸ್ತಿ ಶುರುವಾಗಿಲ್ಲವಲ್ಲ ಎಂದು ಅದನ್ನು ಚಾಲು ಮಾಡಿದರು. ಬಿಗಿಯಿಲ್ಲದ ಮುಚ್ಚಳದಿಂದ ಅನಿಲ ಸೋರಿ ಹತ್ತು ಗಂಟೆಗೆ ಸ್ಫೋಟಿಸಿತು. ಅಲ್ಲಿನ ಗೋಡೆಗಳು ಬೆಂಕಿಯನ್ನು ತಡೆಯಲು ಕಟ್ಟಿದವು, ಸ್ಫೋಟವನ್ನಲ್ಲ. ನೀರಿನಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ಸೆಳೆತಕ್ಕೆ ಸಿಕ್ಕಬಾರದೆಂದು ಬೆಂಕಿಯಾರಿಸುವ ಪಂಪುಗಳನ್ನು ತಾನಾಗಿ ಹೊರಡದಂತೆ ಕೈಚಾಲನೆಗೆ ಹಾಕಿದ್ದರು. ಅವುಗಳ ಬಳಿ ಹೋಗುವ ದಾರಿಯೇ ಉಳಿಯಲಿಲ್ಲ. ಇಷ್ಟಾದರೂ ನೆರೆಯ ಎರಡು ಕಟ್ಟಡಗಳು ಒಂದಷ್ಟು ಹೊತ್ತು ಎಣ್ಣೆಯನ್ನು ಪಂಪು ಮಾಡುತ್ತಲೇ ಇದ್ದವು. 226 ಜನರಲ್ಲಿ 61 ಮಂದಿ ಬದುಕಿದರು. ರಕ್ಷಣೆಗೆ ಬಂದ ಇಬ್ಬರೂ ಸೇರಿ ಸತ್ತವರು 167. ನ್ಯಾಯಾಧೀಶ ಲಾರ್ಡ್ ಕಲ್ಲನ್ ವಿಚಾರಣೆ ನಡೆಸಿ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟರು. ಆ ವಿಚಾರಣೆಯ ಫಲವಾಗಿ, ಅಪಾಯ ಎಲ್ಲಿದೆ, ಅದಕ್ಕೇನು ಕ್ರಮ ಎಂಬುದನ್ನು ಕಂಪನಿಯೇ ಮೊದಲು ಬರೆದು ಒಪ್ಪಿಸಬೇಕೆಂಬ ಕಟ್ಟಳೆ ಅಲ್ಲಿ ಬಂತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಹಣಕ್ಕೆ ಇಷ್ಟು ಕಾವಲು! ಅಪ್ಪನ ಪ್ರೆಸ್ಸಿನ ವಿಷಯದಲ್ಲಿ ಮೂರು ದಿನ ಹೇಳಿದ ಮಾತು ಯಾವ ಪುಸ್ತಕದಲ್ಲಿಯೂ ಒಂದು ಸಾಲಾಗಿ ಬಿದ್ದಿರಲಿಲ್ಲ.

ಈ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸಿದ ಪದ್ಧತಿಯೊಂದಿದೆ. ಯಂತ್ರಕ್ಕೆ ಕೈ ಹಾಕುವ ಪ್ರತಿಯೊಬ್ಬನೂ ಅದರ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಹೆಸರಿನ ಚೀಟಿ ತೂಗಿಸಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು. ನಾಲ್ವರಿದ್ದರೆ ನಾಲ್ಕು ಬೀಗ. ಕೊನೆಯವನು ತೆಗೆಯುವ ತನಕ ಯಜಮಾನ ಬಂದರೂ ಯಂತ್ರ ಹೊರಡದು. ಎಷ್ಟು ಸರಳ, ನೋಡಿ! ಕೆಟ್ಟ ಮೇಲೆ ರಿಪೇರಿ ಮಾಡುವುದು, ಕೆಡುವ ಮುನ್ನ ಗಡುವು ಹಾಕಿ ಬದಲಿಸುವುದು, ನಡುಕ ಮತ್ತು ಬಿಸಿಯನ್ನು ಅಳೆದು ಕೆಡುಕನ್ನು ಮೊದಲೇ ಕಾಣುವುದು, ಇವುಗಳ ಲೆಕ್ಕಾಚಾರವೂ ಇದೆ. ನನಗೆ ಅಷ್ಟು ದಕ್ಕಿಲ್ಲ. ಹೈನ್ರಿಕ್ ಎಂಬ ವಿಮಾ ಕಂಪನಿಯ ಅಧಿಕಾರಿ 1931ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ದೊಡ್ಡ ಗಾಯಕ್ಕೆ 29 ಸಣ್ಣ ಗಾಯ, 300 ತಪ್ಪಿಹೋದ ಪೆಟ್ಟು ಎಂದಿದ್ದಾನೆ. ಆ ಅಂಕಿಗಳನ್ನು ಈಗಿನವರು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ತಪ್ಪಿಹೋದ ಪೆಟ್ಟನ್ನೂ ಬರೆದಿಡಬೇಕೆಂಬ ಮಾತು ನಿಂತಿದೆ.

ಓದುವುದೆಲ್ಲಿ ಎಂದರೆ, ಮಹಾರಾಷ್ಟ್ರದ ತಾಂತ್ರಿಕ ಶಿಕ್ಷಣ ಮಂಡಳಿಯ ಒಂದು ವರ್ಷದ ಡಿಪ್ಲೊಮಾ ಇದೆ. ಮುಂಬೈಯ ಸಾಯನ್ನಿನಲ್ಲಿ ಕೇಂದ್ರ ಸರ್ಕಾರದ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಇದೆ. ಸಾವಿರ ಜನರಿರುವ ಕಾರ್ಖಾನೆಗೆ ಸುರಕ್ಷಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಸೇರಿಸಿದ್ದರು. ಅಪ್ಪನ ಶಾಪಿನಲ್ಲಿದ್ದವರು ಇಪ್ಪತ್ತೆರಡು ಜನ. ಇದಕ್ಕೆ ಉತ್ತರ ನನ್ನಲ್ಲಿಲ್ಲ.

ಮನೆಯ ಜಗಳ ಇನ್ನೂ ಮುಗಿದಿಲ್ಲ. ಅಪ್ಪ ಮೊನ್ನೆ ಮೊಮ್ಮಗನನ್ನು ಕರೆದು, ‘ಸಾಹೇಬ ಚಾಲೂ ಮಾಡು ಅಂದ, ನೀ ಬ್ಯಾಡ ಅಂದಿ, ಆಮ್ಯಾಲೆ ನಿನ್ನ ನೌಕರಿ ಉಳೀತೈತೇನು?’ ಎಂದು ಕೇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರದು ಸಹಿ ಮಾಡಿ ಕೊಡ್ತೀನಿ ಅಜ್ಜಾ’ ಎಂದ. ಅಪ್ಪ ಮುಂದೆ ಏನೂ ಹೇಳಲಿಲ್ಲ, ಬ್ಯಾಡವೆಂದೂ ಅನ್ನಲಿಲ್ಲ. ನಾನು ಫೀಸು ಕಟ್ಟುವುದೆಂದು ನಿಶ್ಚಯಿಸಿದ್ದೇನೆ.

ಬರುವ ರವಿವಾರ ಹತ್ತು ಗಂಟೆಗೆ ಅವನು ಪುಸ್ತಕಗಳೊಡನೆ ಸಂಘದ ವಾಚನಾಲಯದಲ್ಲಿ ಇರುತ್ತಾನೆ. ಮಕ್ಕಳನ್ನು ಕಳುಹಿಸಿ. ಪ್ರೆಸ್ ಶಾಪಿನಲ್ಲಿರುವ ಹಿರಿಯರು ತಾವೇ ಬಂದರೆ ಇನ್ನೂ ಸಂತೋಷ. ಅವನಿಗೆ ತಮ್ಮನ್ನು ಕೇಳುವುದು ಬಹಳ ಇದೆ.