ಯಾರ ಪ್ರಾರ್ಥನೆ, ಯಾರ ಶಾಲೆ?



2024ರ ಜೂನ್ ತಿಂಗಳಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯವು ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳ ಫಲಕ ಇರಬೇಕೆಂದು ಕಾನೂನು ಮಾಡಿತು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನಮ್ಮ ನಡುವೆ ಈ ಸುದ್ದಿ ಬಂದಾಗಲೆಲ್ಲ ಇದನ್ನು ಕ್ರೈಸ್ತರಿಗೂ ಕ್ರೈಸ್ತರಲ್ಲದವರಿಗೂ ನಡುವಿನ ವ್ಯಾಜ್ಯವೆಂದೇ ಮಾತನಾಡುತ್ತೇವೆ. ಆದರೆ ಈ ದೇಶದ ಶಾಲೆಗಳಲ್ಲಿ ಪ್ರಾರ್ಥನೆಯ ಜಗಳ ಮೊದಲು ಹೊತ್ತಿಕೊಂಡದ್ದು ಕ್ರೈಸ್ತರ ಒಳಗೇ. ಆ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಒಂದು ಸರಳ ಪ್ರಶ್ನೆ. ಹತ್ತು ಆಜ್ಞೆಗಳಲ್ಲಿ ಎರಡನೆಯದು ಯಾವುದು? ಆಂಗ್ಲಿಕನ್ನರು, ಕ್ಯಾಲ್ವಿನನ ಪರಂಪರೆಯವರು, ಪೂರ್ವದ ಆರ್ಥೊಡಾಕ್ಸ್ ಸಭೆಗಳವರು ವಿಗ್ರಹ ಮಾಡಬಾರದೆಂಬುದು ಎರಡನೆಯದೆನ್ನುತ್ತಾರೆ. ಸಂತ ಅಗಸ್ಟೀನನ ಎಣಿಕೆಯನ್ನು ಅನುಸರಿಸುವ ಕಥೋಲಿಕರು ಮತ್ತು ಲೂಥರನ್ನರು ಆ ಮಾತನ್ನು ಮೊದಲನೆಯದರೊಳಗೇ ಸೇರಿಸುತ್ತಾರೆ. ಅವರಿಗೆ ಎರಡನೆಯದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು. ಹತ್ತರ ಲೆಕ್ಕ ತುಂಬಲು ಅವರು ಪರರ ಸ್ವತ್ತಿನ ಆಸೆಯ ಕುರಿತ ಕೊನೆಯ ಮಾತನ್ನು ಎರಡಾಗಿ ಒಡೆಯುತ್ತಾರೆ. ಕಥೋಲಿಕ ಮಕ್ಕಳು ಕಲಿಯುವ ಸಂಕ್ಷಿಪ್ತ ಪಾಠದಲ್ಲಿ ವಿಗ್ರಹದ ಸಾಲು ಬರುವುದೇ ಇಲ್ಲ. ಲೂಸಿಯಾನಾದ ಫಲಕದಲ್ಲಿ ಅದು ಇದೆ. ಅಂದರೆ ಫಲಕಕ್ಕೆ ಒಂದು ಪಾಠವನ್ನು ಆರಿಸಿದ ಕೂಡಲೇ ಸರ್ಕಾರವು ಕ್ರೈಸ್ತರ ಒಳಜಗಳದಲ್ಲಿ ಒಂದು ಕಡೆಗೆ ನಿಂತಾಯಿತು.

ಪ್ರಾರ್ಥನೆಗಳಲ್ಲೂ ಹೀಗೆಯೇ. ಯೇಸು ಶಿಷ್ಯರಿಗೆ ಕಲಿಸಿದನೆನ್ನುವ ಪ್ರಾರ್ಥನೆ ಮತ್ತಾಯ ಮತ್ತು ಲೂಕರ ಸುವಾರ್ತೆಗಳೆರಡರಲ್ಲೂ ಇದೆ. ಎಲ್ಲ ಸಭೆಗಳಿಗೂ ಸೇರಿದ್ದು. ಆದರೆ ರಾಜ್ಯವೂ ಮಹಿಮೆಯೂ ದೇವರವೇ ಎಂಬ ಅರ್ಥದ ಕೊನೆಯ ಸಾಲು 1611ರ ದೊರೆ ಜೇಮ್ಸನ ಇಂಗ್ಲಿಷ್ ಬೈಬಲ್ಲಿನಲ್ಲಿ ಉಂಟು, ಲ್ಯಾಟಿನ್ನಿನಿಂದ ಬಂದ ಕಥೋಲಿಕ ಅನುವಾದದಲ್ಲಿ ಇಲ್ಲ. ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲೂ ಅದಿಲ್ಲ.

ಮರಿಯಳ ಪ್ರಾರ್ಥನೆಯಲ್ಲಂತೂ ಭೇದ ಇನ್ನೂ ಆಳ. ಜಪಮಾಲೆಯ ಮಣಿಗಳ ಮೇಲೆ ಮರಳಿ ಮರಳಿ ಬರುವ ಆ ಪ್ರಾರ್ಥನೆಯ ಮೊದಲರ್ಧ ಲೂಕನ ಸುವಾರ್ತೆಯ ಮಾತು. ಅದಕ್ಕೆ ಯಾರ ತಕರಾರೂ ಇಲ್ಲ. ಪಾಪಿಗಳಾದ ನಮಗಾಗಿ ಬೇಡಿಕೊ ಎಂದು ಮರಿಯಳನ್ನು ಕೇಳುವ ಎರಡನೆಯ ಅರ್ಧ ಇಂದಿನ ರೂಪದಲ್ಲಿ ನೆಲೆಗೊಂಡದ್ದು 1568ರಲ್ಲಿ, ಐದನೆಯ ಪಯಸ್ ಪೋಪನ ಪ್ರಾರ್ಥನಾಗ್ರಂಥದಲ್ಲಿ. ಪ್ರಾಟೆಸ್ಟಂಟರ ಆಕ್ಷೇಪ ನೇರವಾದದ್ದು: ದೇವರಿಗೂ ಮನುಷ್ಯನಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥನಾಗಿರುವಾಗ ಸಂತರೇಕೆ, ಮರಿಯಳೇಕೆ? ಕಥೋಲಿಕರ ಉತ್ತರವೂ ಅಷ್ಟೇ ನೇರ: ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ, ನನಗಾಗಿ ಪ್ರಾರ್ಥಿಸು ಎಂದು ಗೆಳೆಯನನ್ನು ಕೇಳುವವರು, ಸತ್ತಿದ್ದಾನೆಂಬ ಕಾರಣಕ್ಕೆ ಕೇಳುವುದನ್ನು ನಿಲ್ಲಿಸಬೇಕೆ? ಸತ್ತವರಿಗಾಗಿ ಪ್ರಾರ್ಥಿಸುವ ವಿಷಯದಲ್ಲೂ ಇದೇ ವಾದ. ಕಥೋಲಿಕರು ಮಕ್ಕಬಿಯರ ಎರಡನೆಯ ಗ್ರಂಥವನ್ನು ತೋರಿಸುತ್ತಾರೆ. ಪ್ರಾಟೆಸ್ಟಂಟರು ಆ ಗ್ರಂಥವನ್ನೇ ಪ್ರಮಾಣವೆಂದು ಒಪ್ಪುವುದಿಲ್ಲ.

ಈ ಭೇದಗಳನ್ನು ನಂಬದವರು ನಗಬಹುದು. ನಾನು ನಗಲಾರೆ. ಸತ್ತ ತಾಯಿಗಾಗಿ ಏನಾದರೂ ಮಾಡಬಹುದೆ, ಮಾಡಲಾಗದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನನ್ನ ಕಾಳಜಿ ಇರುವುದು ಅಧಿಕಾರವು ಇಂಥ ಪ್ರಶ್ನೆಗೆ ಕೈಹಾಕಿದಾಗ ಏನಾಗುತ್ತದೆ ಎಂಬುದರಲ್ಲಿ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮ್ಯಾಸಚೂಸೆಟ್ಸಿನ ಹೊರೇಸ್ ಮಾನ್ ಮುಂತಾದವರು ಎಲ್ಲರಿಗೂ ತೆರೆದ ಸಾರ್ವಜನಿಕ ಶಾಲೆಗಳನ್ನು ಕಟ್ಟಿದರು. ಅದು ದೊಡ್ಡ ಪ್ರಗತಿಪರ ಕೆಲಸ. ಯಾವ ಪಂಥದ ಬೋಧನೆಯೂ ಬೇಡ, ಬೈಬಲ್ಲನ್ನು ವ್ಯಾಖ್ಯಾನವಿಲ್ಲದೆ ಓದಿದರೆ ಸಾಕು ಎಂದರು. ಅವರಿಗೆ ಅದು ಪಕ್ಷಪಾತವಿಲ್ಲದ ಏರ್ಪಾಡಾಗಿ ಕಂಡಿತು. ಆದರೆ ಗ್ರಂಥವೊಂದೇ ಪ್ರಮಾಣ, ಓದುಗನಿಗೆ ಸಭೆಯ ವ್ಯಾಖ್ಯಾನ ಬೇಕಿಲ್ಲ ಎಂಬುದೇ ಪ್ರಾಟೆಸ್ಟಂಟ್ ಸಿದ್ಧಾಂತದ ತಿರುಳು. ಕಥೋಲಿಕರಿಗೆ ಗ್ರಂಥದ ಜೊತೆಗೆ ಸಭೆಯ ಪರಂಪರೆಯೂ ಪ್ರಮಾಣ. ಬಹುಸಂಖ್ಯಾತರಿಗೆ ತಮ್ಮ ನಂಬಿಕೆ ನಂಬಿಕೆಯಾಗಿ ಕಾಣಲೇ ಇಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಸಾಮಾನ್ಯ ಸಂಗತಿಯೆಂದು ಕಂಡಿತು. ಭಾರತದಲ್ಲಿ ಇದು ಧರ್ಮವಲ್ಲ, ನಮ್ಮ ಸಂಸ್ಕೃತಿ ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಈ ಕುರುಡು ಅಪರಿಚಿತವಲ್ಲ.

ಅದೇ ಕಾಲಕ್ಕೆ ಐರ್ಲೆಂಡಿನಿಂದ ಬಡ ಕಥೋಲಿಕರು ವಲಸೆ ಬರುತ್ತಿದ್ದರು. 1842ರಲ್ಲಿ ಫಿಲಡೆಲ್ಫಿಯಾದ ಬಿಷಪ್ ಫ್ರಾನ್ಸಿಸ್ ಕೆನ್ರಿಕ್, ಕಥೋಲಿಕ ಮಕ್ಕಳಿಗೆ ತಮ್ಮ ಬೈಬಲ್ಲನ್ನೇ ಓದಲು ಬಿಡಿ ಎಂದು ಶಾಲಾ ಮಂಡಳಿಗೆ ಬರೆದರು. ಬೈಬಲ್ಲನ್ನೇ ಶಾಲೆಯಿಂದ ಹೊರಗಟ್ಟಲು ಹೊರಟಿದ್ದಾರೆಂಬ ಪುಕಾರು ಹಬ್ಬಿತು. ವಲಸೆಗಾರರು ಕೂಲಿ ಕಸಿಯುತ್ತಾರೆ, ರೋಮಿನ ಪೋಪನಿಗೆ ನಿಷ್ಠರು, ಈ ದೇಶಕ್ಕೆ ಎಂದೂ ಆಗಲಾರರು ಎಂಬ ಮಾತುಗಳು ಜೊತೆಗೂಡಿದವು. 1844ರ ಮೇ ತಿಂಗಳಲ್ಲಿ ಗಲಭೆ ಎದ್ದಿತು. ಸಂತ ಮೈಕೇಲ್ ಮತ್ತು ಸಂತ ಅಗಸ್ಟೀನ್ ಚರ್ಚುಗಳು ಸುಟ್ಟುಹೋದವು. ಜುಲೈಯಲ್ಲಿ ಮತ್ತೆ ಗಲಭೆಯಾಯಿತು. ಎರಡೂ ಸಲ ಹಲವರು ಪ್ರಾಣ ಕಳೆದುಕೊಂಡರು.

ಬಾಸ್ಟನ್ನಿನ ಘಟನೆ ಇದಕ್ಕಿಂತ ಚಿಕ್ಕದು. ನನ್ನನ್ನು ಹೆಚ್ಚು ಕಾಡುವುದೂ ಅದೇ. 1859ರ ಮಾರ್ಚಿನಲ್ಲಿ ಎಲಿಯಟ್ ಶಾಲೆಯಲ್ಲಿ ಸುಮಾರು ಹತ್ತು ವರ್ಷದ ಥಾಮಸ್ ವಾಲ್ ಎಂಬ ಹುಡುಗ, ಹತ್ತು ಆಜ್ಞೆಗಳನ್ನು ಪ್ರಾಟೆಸ್ಟಂಟ್ ಪಾಠದಲ್ಲಿ ಒಪ್ಪಿಸಲು ನಿರಾಕರಿಸಿದ. ಶಿಕ್ಷಕ ಬೆತ್ತದಿಂದ ಅವನ ಕೈಗಳಿಗೆ ಸುಮಾರು ಅರ್ಧ ಗಂಟೆ ಹೊಡೆದ. ನೂರಾರು ಹುಡುಗರು ಶಾಲೆಯಿಂದ ಹೊರಗೆ ಬಿದ್ದರು. ನ್ಯಾಯಾಲಯ ಶಿಕ್ಷಕನನ್ನು ಬಿಡುಗಡೆ ಮಾಡಿತು. ಆ ಹುಡುಗನಿಗೆ ದೈವಶಾಸ್ತ್ರ ಎಷ್ಟು ತಿಳಿದಿತ್ತೋ. ಮನೆಯಲ್ಲಿ ಕಲಿತದ್ದು ಒಂದು, ಶಾಲೆ ಹೇಳೆಂದದ್ದು ಇನ್ನೊಂದು ಎಂಬುದಂತೂ ತಿಳಿದಿತ್ತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅಷ್ಟು ಸಾಕು.

ಕಥೋಲಿಕರು ಮುಗ್ಧ ಬಲಿಪಶುಗಳೆಂದು ನಾನು ಹೇಳುತ್ತಿಲ್ಲ. ಎಲಿಯಟ್ ಶಾಲೆಯ ಘಟನೆಯಾದ ಐದೇ ವರ್ಷಕ್ಕೆ, 1864ರಲ್ಲಿ, ಒಂಬತ್ತನೆಯ ಪಯಸ್ ಪೋಪನು ಕಾಲದ ತಪ್ಪುಗಳ ಪಟ್ಟಿ ಹೊರಡಿಸಿ ಧಾರ್ಮಿಕ ಸ್ವಾತಂತ್ರ್ಯದ ವಿಚಾರವನ್ನೂ ಖಂಡಿಸಿದ. ಫ್ರಾಂಕೋನ ಸ್ಪೇನಿನಲ್ಲಿ ಪ್ರಾಟೆಸ್ಟಂಟರು ಬಹಿರಂಗವಾಗಿ ಪ್ರಾರ್ಥಿಸುವಂತಿರಲಿಲ್ಲ. ಮನುಷ್ಯನ ಆತ್ಮಸಾಕ್ಷಿಯನ್ನು ರಾಜ್ಯ ಒತ್ತಾಯಿಸಬಾರದೆಂದು ರೋಮ್ ಒಪ್ಪಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ಆ ಘೋಷಣೆಯ ಹಿಂದೆ ಜಾನ್ ಕರ್ಟ್ನಿ ಮರೆ ಎಂಬ ಅಮೆರಿಕದ ಜೆಸ್ವಿಟ್ ಪಾದ್ರಿಯ ಚಿಂತನೆ ಇತ್ತು.

ಈ ಕಥೆಗೆ ಒಂದು ವಿಚಿತ್ರ ತಿರುವಿದೆ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯೂಯಾರ್ಕಿನ ಸರ್ಕಾರಿ ಶಾಲಾ ಪ್ರಾರ್ಥನೆಯನ್ನು ರದ್ದುಮಾಡಿದಾಗ ಗಟ್ಟಿಯಾಗಿ ಪ್ರತಿಭಟಿಸಿದವರಲ್ಲಿ ನ್ಯೂಯಾರ್ಕಿನ ಕಥೋಲಿಕ ಧರ್ಮಾಧ್ಯಕ್ಷ ಕಾರ್ಡಿನಲ್ ಸ್ಪೆಲ್‌ಮನ್ ಒಬ್ಬರು. ನೂರು ವರ್ಷದಲ್ಲಿ ವಲಸಿಗರ ಮೊಮ್ಮಕ್ಕಳು ಬಹುಸಂಖ್ಯಾತರ ಸಾಲಿಗೆ ಬಂದು ಕುಳಿತಿದ್ದರು. ಕಥೋಲಿಕನೇ ಆಗಿದ್ದ ಅಧ್ಯಕ್ಷ ಕೆನಡಿ ಮಾತ್ರ, ನಮಗೆ ಸುಲಭವಾದ ಪರಿಹಾರವಿದೆ, ನಾವೇ ಮನೆಗಳಲ್ಲಿ ಹೆಚ್ಚು ಪ್ರಾರ್ಥಿಸೋಣ ಎಂಬರ್ಥದ ಮಾತಾಡಿದರು. ಮರುವರ್ಷ ಶಾಲೆಯ ಬೈಬಲ್ ಪಠಣವೂ ಅಸಿಂಧುವಾಯಿತು. ಆ ಮೊಕದ್ದಮೆ ಬಂದದ್ದು ಫಿಲಡೆಲ್ಫಿಯಾಕ್ಕೆ ತಾಗಿದಂತಿರುವ ಆಬಿಂಗ್ಟನ್ನಿನಿಂದ. ದಾವೆ ಹೂಡಿದವರು ಯೂನಿಟೇರಿಯನ್ ಪಂಥದ ಷೆಂಪ್ ಕುಟುಂಬ. ಆ ಮನೆಯ ಹುಡುಗ ಎಲರಿ 1956ರಲ್ಲಿ, ತರಗತಿಯಲ್ಲಿ ಬೈಬಲ್ ಓದುವಾಗ ತಾನು ಕುರಾನನ್ನು ಮೌನವಾಗಿ ಓದುತ್ತ ಪ್ರತಿಭಟಿಸಿದ್ದ.

ಕೊನೆಗೆ ನಮ್ಮ ಕರಾವಳಿಯ ಒಂದು ನೆನಪು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿಯಾಯಿತು. ಮತಾಂತರದ ಆಪಾದನೆ ಇದ್ದದ್ದು ಮುಖ್ಯವಾಗಿ ನ್ಯೂ ಲೈಫ್ ಎಂಬ ಗುಂಪಿನ ಮೇಲೆ. ದಾಳಿಗೊಳಗಾದದ್ದು ಆವರಣ ಬಿಟ್ಟು ಹೊರಬರದೆ ಪರಮಪ್ರಸಾದದ ಮುಂದೆ ಪ್ರಾರ್ಥಿಸುತ್ತ ಬದುಕುವ ಕಥೋಲಿಕ ಸನ್ಯಾಸಿನಿಯರ ಮನೆ. ಆ ರೊಟ್ಟಿಯಲ್ಲಿ ಕ್ರಿಸ್ತನೇ ಇದ್ದಾನೆಂಬ ನಂಬಿಕೆಯನ್ನು ಹೊಸ ಪಂಥಗಳವರು ಒಪ್ಪುವುದಿಲ್ಲ. ಎಸೆದ ಕಲ್ಲಿಗೆ ಆ ಭೇದ ತಿಳಿದಿರಲಿಲ್ಲ. ಆಗ ಕೆಲವರು, ನಾವು ಅವರಂಥವರಲ್ಲ ಎಂದರು. ಅದು ನಿಜವೇ, ಆದರೆ ಅವರಂಥವರ ಮೇಲೆ ಕಲ್ಲು ಬೀಳಬಹುದೆಂದು ಒಪ್ಪಿದಂತೆಯೂ ಕೇಳಿಸಿತು.

ಸಿದ್ಧಾಂತದ ಭಿನ್ನಾಭಿಪ್ರಾಯ ಕರಗಬೇಕೆಂದು ನಾನು ಬಯಸುವುದಿಲ್ಲ. ಮರಿಯಳನ್ನು ಬೇಡುವವರು ಬೇಡಲಿ, ಬೇಡವೆನ್ನುವವರು ವಾದಿಸಲಿ. ಆ ವಾದದಲ್ಲಿ ಬೆತ್ತ ಹಿಡಿದ ಶಿಕ್ಷಕನೂ ಫಲಕ ತೂಗುಹಾಕುವ ಸರ್ಕಾರವೂ ಇರಬಾರದು. ಈ ದೇಶದಲ್ಲಿ ನಾವು ಅಲ್ಪಸಂಖ್ಯಾತರಾಗಿ ಈ ರಕ್ಷಣೆಯನ್ನು ಕೇಳುತ್ತೇವೆ. ಊರಿನಲ್ಲಿ ಬಹುಸಂಖ್ಯಾತರಾಗಿರುವವರು ಅದನ್ನೇ ಇತರರಿಗೆ ಕೊಡಲು ಸಿದ್ಧರಿದ್ದೇವೆಯೆ ಎಂಬ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ಮಾತು ಮುಗಿಸುತ್ತೇನೆ.