ಜೀಪಿನ ಹಿಂದಿನ ಶಾಫ್ಟು ಏಕೆ ಸವೆಯುತ್ತದೆ?
(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ಹೋಟೆಲು ಕೆಲಸದವರಿಗೆ ಜೀಪಿನ ಶಾಫ್ಟಿನ ಉಸಾಬರಿ ಏಕೆ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಕೇಳಬೇಕಾದ ಮಾತೇ. ಈ ತರಗತಿಗೆ ಬರುವ ಹುಡುಗರಲ್ಲಿ ಹಲವರು ಹಗಲು ಟೇಬಲ್ಲು ಒರೆಸಿ, ಕಪ್ಪುಬಸಿ ತೊಳೆದು, ರಾತ್ರಿ ಗ್ಯಾರೇಜಿನ ಕೆಲಸ ಕಲಿಯುತ್ತಿದ್ದಾರೆ. ಕೆಲವರು ಹೋಟೆಲು ಬಿಟ್ಟು ಗ್ಯಾರೇಜನ್ನೇ ಸೇರಿದ್ದಾರೆ. ನಾಲ್ಕು ಕಾಸು ಕೂಡಿಟ್ಟು ಕುಂದಾಪುರದಲ್ಲೋ ಬೈಂದೂರಿನಲ್ಲೋ ಸ್ವಂತಕ್ಕೆ ಒಂದು ಷೆಡ್ಡು ಹಾಕಬೇಕೆಂಬುದು ಅವರ ಆಸೆ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ಕಂಡವರಿಗೆ ಈ ಕೆಲಸಕ್ಕೆ ಊರಿನಲ್ಲಿ ಬೆಲೆ ಉಂಟೋ ಇಲ್ಲವೋ ಎಂದು ನಾವು ಹೇಳಬೇಕಾಗಿಲ್ಲ. ಜೀಪಿಗೂ ಮುಂಬಯಿಗೂ ಹಳೆಯ ನಂಟು. 1947ರಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು ಇದೇ ಊರಿನಲ್ಲಿ.

ಆದರೆ ಇವತ್ತು ನಾವು ಮಾತಿಗೆ ನಿಂತದ್ದು ಬೇರೆ ಕಾರಣದಿಂದ. ನಮ್ಮ ಸಂಘದ ಹುಡುಗನೊಬ್ಬನ ಸಂಬಳದಿಂದ ಒಂದೇ ಮಳೆಗಾಲದಲ್ಲಿ ಮೂರು ಸಲ ಹಣ ಹಿಡಿದರು. ಅವನು ದುಡಿಯುವ ಗ್ಯಾರೇಜಿಗೆ ಎತ್ತರ ಮಾಡಿಸಿದ ಒಂದು ಜೀಪು ಬರುತ್ತಿತ್ತು. ಹಿಂದಿನ ಶಾಫ್ಟಿನ ಕ್ರಾಸು ಸವೆದಿದೆ ಎಂದು ಬಂತು, ಹೊಸತು ಹಾಕಿದ. ಐದು ವಾರಕ್ಕೆ ಮತ್ತೆ ಬಂತು, ಮತ್ತೆ ಹಾಕಿದ. ಮೂರನೆಯ ಸಲ ಬಂದಾಗ ಸೇಠರು, “ನಿನಗೆ ಕ್ರಾಸು ಕೂರಿಸಲು ಬರುವುದಿಲ್ಲ, ಸಾಮಾನಿನ ದುಡ್ಡು ನಿನ್ನದೇ” ಎಂದುಬಿಟ್ಟರು. ಹುಡುಗ ನಮ್ಮಲ್ಲಿಗೆ ಬಂದು, “ಅಣ್ಣಾ, ನಾನು ಸರಿಯಾಗಿಯೇ ಹಾಕಿದ್ದೇನೆ. ಏಕೆ ಹೋಗುತ್ತದೆಂದು ಮಾತ್ರ ಗೊತ್ತಾಗುವುದಿಲ್ಲ” ಎಂದ.

ಏಕೆ ಹೋಗುತ್ತದೆಂದು ಹೇಳಲಾರದವನು ತನ್ನ ಸಂಬಳವನ್ನು ಉಳಿಸಿಕೊಳ್ಳಲಾರ. ಆದುದರಿಂದ ಅದನ್ನೇ ಮೊದಲು ನೋಡೋಣ.

ಜೀಪಿನ ನಡುವೆ ಗೇರುಪೆಟ್ಟಿಗೆಯ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು ಎಂಬ ಇನ್ನೊಂದು ಪೆಟ್ಟಿಗೆ ಇದೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದು. ಅಲ್ಲಿಂದ ಹಿಂದಿನ ಆಕ್ಸಲಿನ ಪಿನಿಯನ್ನಿಗೆ ಬಲವನ್ನು ಒಯ್ಯುವ ಕೊಳವೆಯೇ ನಮ್ಮ ಶಾಫ್ಟು. ಪೆಟ್ಟಿಗೆ ಚಾಸಿಗೆ ಕಟ್ಟಿಕೊಂಡು ಅಲುಗದೆ ನಿಂತಿದೆ. ಆಕ್ಸಲಾದರೋ ಕಮಾನು ಪಟ್ಟಿಯ ಮೇಲೆ ಏಳುತ್ತದೆ, ಇಳಿಯುತ್ತದೆ. ಆದ್ದರಿಂದ ಶಾಫ್ಟಿನ ಎರಡೂ ತುದಿಗಳು ಬಾಗಬೇಕು, ಉದ್ದವೂ ಹೆಚ್ಚುಕಡಿಮೆ ಆಗಬೇಕು. ಬಾಗಲಿಕ್ಕೆ ಕ್ರಾಸು ಇದೆ, ಉದ್ದಕ್ಕೆ ಹಲ್ಲುಗಳಿರುವ ಜಾರು ತೋಳು ಇದೆ. ಕ್ರಾಸೆಂದರೆ ಕೂಡಿಸುವ ಗುರುತಿನ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತುದಿಗೆ ನಾಲ್ಕು ಕಪ್ಪು. ನಮ್ಮ ಚಹದ ಕಪ್ಪಲ್ಲ, ಉಕ್ಕಿನ ಸಣ್ಣ ಟೊಪ್ಪಿ. ಅದರೊಳಗೆ ಸೂಜಿಯಂತಹ ಉರುಳೆಗಳು ಸುತ್ತಲೂ ಸಾಲಾಗಿ ನಿಂತಿರುತ್ತವೆ.

ಇನ್ನು ಈ ಕ್ರಾಸಿನ ಒಂದು ಗುಣವನ್ನು ಮನಸ್ಸಿನಲ್ಲಿಡಬೇಕು. ಬಾಗಿಕೊಂಡು ತಿರುಗುವಾಗ ಅದು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚುತ್ತದೆ, ಎರಡು ಸಲ ತಗ್ಗುತ್ತದೆ. ಬಾಗು 10 ಡಿಗ್ರಿ ಇದ್ದರೆ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟು. 20 ಡಿಗ್ರಿ ಆದರೆ ನೂರಕ್ಕೆ ಆರು. ಬಾಗು ಎರಡು ಪಾಲಾದರೆ ಹೊಡೆತ ನಾಲ್ಕು ಪಾಲು. ಶಾಫ್ಟಿನ ಎರಡು ತುದಿಯ ಬಾಗು ಒಂದೇ ಸಮ ಇದ್ದರೆ ಮುಂದಿನ ಕ್ರಾಸು ಮಾಡಿದ ಏರಿಳಿತವನ್ನು ಹಿಂದಿನ ಕ್ರಾಸು ಅಳಿಸಿಹಾಕುತ್ತದೆ. ಸಮ ಇಲ್ಲದಿದ್ದರೆ ಉಳಿದ ಹೊಡೆತವೆಲ್ಲ ಸೂಜಿ ಉರುಳೆಗಳಿಗೂ ಪಿನಿಯನ್ನಿನ ಬೇರಿಂಗಿಗೂ ಬೀಳುತ್ತದೆ. ಹಾಗೆಂದು ಬಾಗೇ ಇಲ್ಲದಿದ್ದರೆ ಒಳ್ಳೆಯದೆಂದು ತಿಳಿಯಬೇಡಿ. ಸ್ವಲ್ಪವೂ ಬಾಗದ ಕ್ರಾಸಿನಲ್ಲಿ ಸೂಜಿಗಳು ಉರುಳದೆ ನಿಂತಲ್ಲೇ ಒತ್ತಿ ಗೀರು ಮಾಡುತ್ತವೆ.

ಈಗ ಗಾಡಿಯನ್ನು ಎತ್ತಿದರೆ ಏನಾಯಿತು? ದೊಡ್ಡ ಚಕ್ರ ಹಾಕಬೇಕು, ಕಲ್ಲು ತಾಗಬಾರದು ಎಂದು ಮೂರು ಅಂಗುಲ ಎತ್ತಿಸಿದರೆನ್ನಿ. ಚಾಸಿಯೊಡನೆ ಟ್ರಾನ್ಸ್‌ಫರ್ ಕೇಸು ಮೇಲೆ ಹೋಯಿತು, ಆಕ್ಸಲು ಕೆಳಗೇ ಉಳಿಯಿತು. 40 ಅಂಗುಲದ ಶಾಫ್ಟಿನಲ್ಲಿ ಇದರಿಂದ ನಾಲ್ಕು ಡಿಗ್ರಿ ಚಿಲ್ಲರೆ ಬಾಗು ಹೆಚ್ಚುತ್ತದೆ. ಅದೇ 20 ಅಂಗುಲದ ಶಾಫ್ಟಾದರೆ ಎಂಟೂವರೆ ಡಿಗ್ರಿ. ಗಿಡ್ಡ ಜೀಪಿಗೆ ಹಿಂದಿನ ಶಾಫ್ಟೂ ಗಿಡ್ಡವೇ. ಆದ್ದರಿಂದ ಎತ್ತರ ಮಾಡಿದ ಪಾಪ ಮೊದಲು ತಗಲುವುದು ಅದಕ್ಕೆ. ಜಾರು ತೋಳೂ ಹೊರಗೆ ಎಳೆದುಕೊಂಡು ತುದಿಯ ನಾಲ್ಕಾರು ಎಳೆ ಹಲ್ಲಿನ ಮೇಲೆ ನೇತಾಡುತ್ತದೆ.

ಹೋಟೆಲಿನವರಿಗೆ ಇದು ಹೊಸ ಸಂಗತಿಯಲ್ಲ. ಹಿಟ್ಟು ಅರೆಯುವ ಗ್ರೈಂಡರಿನ ಮೋಟಾರು ಕೂತ ಹಲಗೆ ವಾರೆಯಾದರೆ ಬೆಲ್ಟು ಒಂದು ಕಡೆಯಿಂದ ತಿಂದುಹೋಗುತ್ತದೆ. ಹೊಸ ಬೆಲ್ಟು ತಂದರೆ ಅದೂ ತಿಂದುಹೋಗುತ್ತದೆ. ಧಣಿಗಳು ಬೆಲ್ಟಿನ ಅಂಗಡಿಯವನನ್ನು ಬಯ್ಯುತ್ತಾರೆ, ಅಡಿಗೆಯವನನ್ನು ಬಯ್ಯುತ್ತಾರೆ. ಹಲಗೆಯನ್ನು ಮಾತ್ರ ಯಾರೂ ನೋಡುವುದಿಲ್ಲ.

ಆ ಗ್ಯಾರೇಜಿಗೆ ನಾವು ಹೋಗುವಾಗ ಸಂಘದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆವು. 1982ರ ಮುಷ್ಕರಕ್ಕೆ ಮುಂಚೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಬೇರಿಂಗು ಬಿಸಿಯಾದರೆ ಬೇರಿಂಗನ್ನು ಬಯ್ಯುವ ಮೊದಲು ಶಾಫ್ಟಿನ ನೇರ ನೋಡು ಎಂದು ಆ ಕಾಲದಲ್ಲಿ ಕಲಿತವರು. ಅವರು ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತಂದಿದ್ದರು, ಗಾರೆಯವರ ತೂಗುಗುಂಡನ್ನು ಅದಕ್ಕೆ ಕಟ್ಟಿದ್ದರು. ಸೇಠರು ನಕ್ಕರು. ಸಮ ನೆಲದ ಮೇಲೆ, ಚಕ್ರದ ಮೇಲೆಯೇ ಗಾಡಿ ನಿಂತಿದ್ದ ಹಾಗೆ ಹಿರಿಯರು ಮೂರು ಕಡೆ ಅಳೆದರು. ಪೆಟ್ಟಿಗೆಯಿಂದ ಹೊರಡುವ ಬಾಯಿ, ಶಾಫ್ಟಿನ ಕೊಳವೆ, ಪಿನಿಯನ್ನಿನ ಮೂತಿ. ಲೆಕ್ಕ ಹಾಕಿದರೆ ಮುಂದಿನ ಕ್ರಾಸಿನ ಬಾಗು 16 ಡಿಗ್ರಿ, ಹಿಂದಿನದು 9. ಗಾಡಿಯವರು ಕಮಾನು ಪಟ್ಟಿಯ ಹಿಂದಿನ ತುದಿಗೆ ಉದ್ದದ ಶ್ಯಾಕಲು ಹಾಕಿಸಿ ಎತ್ತಿಸಿದ್ದರು. ಹಾಗೆ ಎತ್ತಿದರೆ ಪಿನಿಯನ್ನಿನ ಮೂತಿಯೂ ಮೇಲಕ್ಕೆ ತಿರುಗುತ್ತದೆ, ಎರಡು ತುದಿಯ ಬಾಗು ಒಂದೇ ಇರುವುದಿಲ್ಲ. ಆ ಲೆಕ್ಕ ನೋಡಿದ ಮೇಲೆ ಸೇಠರು ನಗಲಿಲ್ಲ. ಗಾಡಿಯ ಯಜಮಾನ ತಿಳುವಳಿಕೆಯ ಮನುಷ್ಯ. ಶ್ಯಾಕಲು ತೆಗೆಸಿ ಹಳೆಯದನ್ನೇ ಹಾಕಿಸಿದ. ಆಮೇಲೆ ಹಾಕಿದ ಕ್ರಾಸು ಇನ್ನೂ ಓಡುತ್ತಿದೆ. ಹಿಡಿದ ಹಣದಲ್ಲಿ ಎರಡು ಸಲದ್ದು ಹುಡುಗನಿಗೆ ಹಿಂದಕ್ಕೆ ಬಂತು. ಮೂರನೆಯದಕ್ಕೆ ಇನ್ನೂ ಓಡಾಡುತ್ತಿದ್ದೇವೆ. ನಷ್ಟವಾಯಿತೆಂದು ಸಂಬಳ ಹಿಡಿಯುವ ಮುಂಚೆ ಕೆಲಸಗಾರನ ಮಾತು ಕೇಳಬೇಕು, ಅವನ ಅಲಕ್ಷ್ಯದಿಂದಲೇ ನಷ್ಟವಾಗಿರಬೇಕು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ.

ಇನ್ನು ಕೈಕೆಲಸ. ಇದನ್ನು ಸಾವಧಾನವಾಗಿ ಕೇಳಿ.

ಶಾಫ್ಟು ಬಿಚ್ಚುವ ಮೊದಲು ಚಕ್ರಗಳ ಹಿಂದೆ ಮುಂದೆ ಮರದ ಅಡೆ ಕೊಡಬೇಕು. ಕೈಬ್ರೇಕು ಎಳೆದಿದೆ, ಗೇರಿನಲ್ಲಿ ಬಿಟ್ಟಿದೆ ಎಂದು ನಂಬಿ ಕೆಳಗೆ ಹೋಗಬೇಡಿ. ಗೇರು ಗಾಡಿಯನ್ನು ಹಿಡಿಯುವುದು ಶಾಫ್ಟಿನ ಮೂಲಕ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಕೈಬ್ರೇಕು ಕೂಡ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಶಾಫ್ಟು ಹೊರಡುವ ಜಾಗದಲ್ಲೇ ಅದರ ಡ್ರಮ್ಮು ಇದೆ. ಶಾಫ್ಟು ಕಳಚಿದ ಕ್ಷಣವೇ ಗೇರೂ ಇಲ್ಲ, ಕೈಬ್ರೇಕೂ ಇಲ್ಲ. ಎದೆಯ ಮೇಲೆ ಶಾಫ್ಟು ಹಿಡಿದುಕೊಂಡು ಮಲಗಿದವನ ಮೇಲೆ ಗಾಡಿ ಹೊರಡುತ್ತದೆ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೂ ಹೋಗಬಾರದು, ಇಟ್ಟಿಗೆಯ ಮೇಲೆ ನಿಂತದ್ದರ ಕೆಳಗಂತೂ ಬೇಡವೇ ಬೇಡ. ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಉಕ್ಕಿನ ಸ್ಟ್ಯಾಂಡು ಕೇಳಿ. ಕೊಡದಿದ್ದರೆ ಕೆಳಗೆ ಹೋಗಬೇಡಿ, ಸಂಘಕ್ಕೆ ಬನ್ನಿ. ಕೆಲಸದಲ್ಲಿ ಗಾಯವಾದವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶಕ್ಕೆ 1923ರಲ್ಲೇ ಬಂತು ನಿಜ. ಆದರೆ ಮುರಿದ ಪಕ್ಕೆಲುಬಿಗೆ ಪರಿಹಾರ ಕೇಳುವುದಕ್ಕಿಂತ ಸ್ಟ್ಯಾಂಡು ಕೇಳುವುದು ಸುಲಭ.

ಸವೆತದ ಗುರುತು ಹೀಗೆ. ಕ್ಲಚ್ಚು ಬಿಡುವಾಗ, ರಿವರ್ಸಿನಿಂದ ಮುಂದಕ್ಕೆ ಹಾಕುವಾಗ ಕೆಳಗೆ ‘ಟಕ್’ ಎನ್ನುತ್ತದೆ. ಮೆಲ್ಲಗೆ ಹೋಗುವಾಗ ಇಲಿಮರಿಯ ಹಾಗೆ ಚೀಂಗುಟ್ಟಿದರೆ ಗ್ರೀಸು ಒಣಗಿದೆ. ಕಪ್ಪಿನ ಬಾಯಲ್ಲಿ ಕುಂಕುಮದಂತಹ ತುಕ್ಕಿನ ಪುಡಿ ಕಂಡರೆ ಒಳಗೆ ಸೂಜಿಗಳು ಪುಡಿಯಾಗುತ್ತಿವೆ. ಒಂದು ಕೈಯಲ್ಲಿ ಶಾಫ್ಟು, ಇನ್ನೊಂದು ಕೈಯಲ್ಲಿ ಯೋಕು ಹಿಡಿದು ಎದುರುಬದುರು ತಿರುಚಿ ನೋಡಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಗ್ರೀಸಿನಿಂದ ಅದು ಸರಿಯಾಗದು.

ಬಿಚ್ಚುವ ಮುಂಚೆ ಸುಣ್ಣದ ಕಡ್ಡಿಯಿಂದಲೋ ಬಣ್ಣದಿಂದಲೋ ಗುರುತು ಮಾಡಿ. ಪಿನಿಯನ್ನಿನ ಯೋಕಿಗೂ ಶಾಫ್ಟಿಗೂ ಒಂದು, ಜಾರು ತೋಳಿಗೂ ಕೊಳವೆಗೂ ಒಂದು. ಎರಡು ತುದಿಯ ಯೋಕುಗಳು ಒಂದೇ ಸಾಲಿನಲ್ಲಿರಬೇಕು. ಜಾರು ತೋಳನ್ನು ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ಸಾಲು ತಪ್ಪುತ್ತದೆ, ಹೊಸ ಕ್ರಾಸು ಹಾಕಿದ ಗಾಡಿ ಹಳೆಯದಕ್ಕಿಂತ ಹೆಚ್ಚು ನಡುಗುತ್ತದೆ. ಹಳೆಯ ಕಪ್ಪುಗಳ ಲಾಕು ತೆಗೆದು, ವೈಸಿನಲ್ಲಿಟ್ಟು ಸಾಕೆಟ್ಟು ಕೊಟ್ಟು ಒತ್ತಿ ಹೊರಡಿಸಬೇಕು. ಸುತ್ತಿಗೆಯಿಂದ ಹೇಗೆ ಬೇಕೋ ಹಾಗೆ ಚಚ್ಚಿದರೆ ಯೋಕಿನ ಕಿವಿ ಬಾಗುತ್ತದೆ. ಕೊಳವೆಯನ್ನು ವೈಸಿಗೆ ಕಚ್ಚಿಸಿದರೆ ತಗ್ಗು ಬಿದ್ದು ಶಾಫ್ಟಿನ ತೂಕ ತಪ್ಪುತ್ತದೆ.

ಹೊಸ ಕಪ್ಪು ಕೂರಿಸುವಾಗ ಸೂಜಿಯೊಂದು ಮಗುಚಿ ತಳಕ್ಕೆ ಬೀಳುವುದುಂಟು. ಆಗ ಕಪ್ಪು ಪೂರ್ತಿ ಒಳಗೆ ಹೋಗುವುದಿಲ್ಲ, ಲಾಕು ತನ್ನ ಗಾಡಿಯಲ್ಲಿ, ಅಂದರೆ ಅದರ ಸೀಳಿನಲ್ಲಿ, ಕೂರುವುದಿಲ್ಲ. ಅಂಥಲ್ಲಿ ಬಲ ಹಾಕಬಾರದು, ಹೊರಗೆ ತೆಗೆದು ಸೂಜಿ ನಿಲ್ಲಿಸಿ ಮತ್ತೆ ಕೂರಿಸಬೇಕು. ನಾಲ್ಕು ಲಾಕೂ ಕೂತ ಮೇಲೆ ಯೋಕಿನ ಕಿವಿಗೆ ಮೆಲ್ಲಗೆ ತಟ್ಟಿ ಕ್ರಾಸು ನಾಲ್ಕು ಕಡೆಗೂ ಹಗುರವಾಗಿ ಆಡುವುದೇ ನೋಡಿ. ಗ್ರೀಸು ನಾಲ್ಕು ಸೀಲಿನಿಂದಲೂ ಹೊರಗೆ ಇಣುಕುವ ತನಕ ಹೊಡೆಯಿರಿ. ಮೂರರಿಂದ ಬಂದು ಒಂದರಿಂದ ಬರಲಿಲ್ಲವೆಂದರೆ ಆ ನಾಲ್ಕನೆಯದೇ ಮೊದಲು ಹೋಗುವುದು. ಪಿನಿಯನ್ನಿನ ಕಡೆಯ ಯು ಬೋಲ್ಟನ್ನು ಅಳತೆ ಮೀರಿ ಬಿಗಿದರೆ ಕಪ್ಪೇ ಅಪ್ಪಚ್ಚಿಯಾಗುತ್ತದೆ. ಕೈಬಲದ ಪ್ರದರ್ಶನಕ್ಕೆ ಅದು ಜಾಗವಲ್ಲ.

ಬಾಗನ್ನು ಸರಿಮಾಡದೆ ಇಷ್ಟೆಲ್ಲ ಮಾಡಿದರೆ ಐದು ವಾರದ ಕೆಲಸ ಅಷ್ಟೆ. ಎತ್ತರವನ್ನು ಇಳಿಸುವುದು ಎಲ್ಲಕ್ಕಿಂತ ಅಗ್ಗ, ಆದರೆ ಗಾಡಿಯವರಿಗೆ ಅದೇ ಕಷ್ಟ. ಎರಡನೆಯದು, ಕಮಾನು ಪಟ್ಟಿಗೂ ಆಕ್ಸಲಿಗೂ ನಡುವೆ ಓರೆಯಾದ ಬಿಲ್ಲೆ ಕೊಟ್ಟು ಪಿನಿಯನ್ನಿನ ಮೂತಿಯನ್ನು ಪೆಟ್ಟಿಗೆಯ ಬಾಯಿಗೆ ಸಮಾಂತರಕ್ಕೆ ತರುವುದು. ಬಿಲ್ಲೆ ಉಕ್ಕಿನದೇ ಆಗಿರಲಿ. ಟ್ರಾನ್ಸ್‌ಫರ್ ಕೇಸನ್ನೇ ಕೆಳಗೆ ಇಳಿಸಿ ಕಟ್ಟುವವರಿದ್ದಾರೆ. ಕಲ್ಲು ತಾಗಬಾರದೆಂದು ಗಾಡಿ ಎತ್ತಿಸಿ, ಮತ್ತೆ ಪೆಟ್ಟಿಗೆಯನ್ನು ಕಲ್ಲಿನ ಹತ್ತಿರ ಇಳಿಸುವ ಈ ಬುದ್ಧಿವಂತಿಕೆ ನಮಗೆ ಇನ್ನೂ ಅರ್ಥವಾಗಿಲ್ಲ. ತುಂಬಾ ಎತ್ತರದ ಗಾಡಿಗೆ ಪೆಟ್ಟಿಗೆಯ ಕಡೆ ಎರಡು ಕ್ರಾಸು ಕೂಡಿಸಿದ ಜೋಡಿ ಜಾಯಿಂಟಿನ ಶಾಫ್ಟು ಹಾಕುತ್ತಾರೆ. ಅದು ಒಳ್ಳೆಯ ಉಪಾಯ. ಅಲ್ಲಿ ಮಾತ್ರ ಪಿನಿಯನ್ನಿನ ಮೂತಿ ಸಮಾಂತರವಾಗಿ ಇರಬಾರದು, ಶಾಫ್ಟಿನ ಕಡೆಗೇ ನೇರವಾಗಿ ನೋಡುತ್ತಿರಬೇಕು. ಭಾರಕ್ಕೆ ಮೂತಿ ಮೇಲೇಳುವುದರಿಂದ ಒಂದೆರಡು ಡಿಗ್ರಿ ತಗ್ಗಿಸಿಯೇ ಇಡುತ್ತಾರೆ. ಈ ಎರಡು ಲೆಕ್ಕಗಳನ್ನು ಒಂದಕ್ಕೊಂದು ಬೆರೆಸಬೇಡಿ.

ಯಾವ ಉಪಾಯ ಮಾಡಿದರೂ ಕೊನೆಗೆ ಜಾರು ತೋಳನ್ನು ಎರಡು ಸಲ ಅಳೆಯಿರಿ. ಆಕ್ಸಲು ಪೂರ್ತಿ ಕೆಳಗೆ ಜೋತಾಗ ಸಾಕಷ್ಟು ಹಲ್ಲು ಒಳಗೆ ಉಳಿಯಬೇಕು, ಪೂರ್ತಿ ಮೇಲೆ ಒತ್ತಿದಾಗ ತಳ ತಾಗಬಾರದು. ಮುಂದಿನ ತುದಿ ಕಳಚಿ ನೆಲಕ್ಕೆ ಬಿದ್ದರೆ ಓಡುವ ಗಾಡಿ ಆ ಶಾಫ್ಟಿನ ಮೇಲೆ ಊರುಗೋಲಿನಂತೆ ಎದ್ದು ಮಗುಚುತ್ತದೆ. ಆದ್ದರಿಂದ ಮುಂದಿನ ತುದಿಯ ಕೆಳಗೆ ಉಕ್ಕಿನ ಪಟ್ಟಿಯ ಬಳೆಯೊಂದನ್ನು ಚಾಸಿಗೆ ಕಟ್ಟಿಸಿರೆಂದು ಗಾಡಿಯವರಿಗೆ ಹೇಳಿ.

ಇನ್ನೊಂದು ಮಾತು. ಕಂಪೆನಿಯ ನಮೂನೆಗೆ ವಿರುದ್ಧವಾಗಿ ಗಾಡಿಯ ರಚನೆಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಲ್ಲಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಎತ್ತಿಸಿದವರು ಯಜಮಾನರಾದರೂ ಕೆಳಗೆ ಮಲಗಿದ್ದವನು ನೀನೇ ಎಂದು ಬೆರಳು ತೋರಿಸುವವರುಂಟು. ಅದಕ್ಕೇ ಗಾಡಿ ಬಂದಾಗ ಎಷ್ಟು ಎತ್ತರವಿತ್ತು, ಎರಡು ಕ್ರಾಸಿನ ಬಾಗು ಎಷ್ಟಿತ್ತು, ನಾವು ಏನು ಹೇಳಿದೆವು, ಅವರು ಏನು ಬೇಡವೆಂದರು, ಇಷ್ಟನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ಗಾಡಿಯವರ ಸಹಿ ಹಾಕಿಸಿಕೊಳ್ಳಿ. ಬರೆಯಲು ಬಾರದವರು ನಾಳೆಯಿಂದ ಅರ್ಧ ಗಂಟೆ ಮುಂಚೆ ಬನ್ನಿ, ಆ ಚೀಟಿ ಬರೆಯುವುದನ್ನೇ ಮೊದಲ ಪಾಠ ಮಾಡೋಣ. ಕೋನಮಾಪಕ ಎರಡು ಸಂಘದಲ್ಲಿವೆ. ಬೇಕಾದವರು ಹೆಸರು ಬರೆಸಿ ಒಯ್ಯಬಹುದು, ಆದರೆ ಹಿಂದಕ್ಕೆ ತರಬೇಕು.