ತಲಾಖು ಮತ್ತು ಅದರ ಕಾಲ

ತಲಾಖೆಂದರೆ ಒಂದು ಬಾಯಿಮಾತಿನಲ್ಲಿ ಮುಗಿದುಹೋಗುವ ವ್ಯವಹಾರವೆಂದು ನಮ್ಮಲ್ಲಿ ಅನೇಕರು ಭಾವಿಸಿರುವೆವು. ಇಸ್ಲಾಮೀ ಧರ್ಮಶಾಸ್ತ್ರವಾದರೋ ಮಾತಿನಷ್ಟೇ ಕಾಲವನ್ನೂ ವಿಚಾರಿಸುವುದು.

ಇಬ್ನ್ ಉಮರರು ಪತ್ನಿಗೆ ಆಕೆಯ ಋತುಕಾಲದಲ್ಲಿ ತಲಾಖು ನುಡಿದರು. ತಂದೆ ಉಮರರು ಇದನ್ನು ಪೈಗಂಬರರಿಗೆ ಅರಿಕೆಮಾಡಲು, ಆಕೆಯನ್ನು ಮರಳಿ ಕರೆದುಕೊಳ್ಳಬೇಕೆಂದೂ, ಆಕೆ ಶುದ್ಧಳಾಗಿ, ಮತ್ತೆ ಋತುಮತಿಯಾಗಿ, ಪುನಃ ಶುದ್ಧಳಾದ ತರುವಾಯ, ಬಿಡುವುದೇ ಆದರೆ ಸಮಾಗಮಕ್ಕೆ ಮುನ್ನ ಬಿಡಬೇಕೆಂದೂ ಅಪ್ಪಣೆಯಾಯಿತೆಂದು ಹದೀಸುಗಳು ಹೇಳುವುವು. ಹೀಗೆ ಶುದ್ಧಿಕಾಲದಲ್ಲಿ ಒಮ್ಮೆ ಮಾತ್ರ ನುಡಿದು ಇದ್ದತ್ ಕಳೆಯುವವರೆಗೆ ಕಾಯುವುದೇ ಉತ್ತಮ ಕ್ರಮ. ಇದ್ದತ್ ಎಂಬುದು ಸಾಮಾನ್ಯವಾಗಿ ಮೂರು ಋತುಗಳ ಅವಧಿ, ಗರ್ಭಿಣಿಗೆ ಪ್ರಸವದವರೆಗೆ. ಅಷ್ಟರಲ್ಲಿ ಪತಿಯು ಮಾತನ್ನು ಹಿಂತೆಗೆದುಕೊಳ್ಳಬಹುದು. ಕೋಪಕ್ಕೆ ಅಷ್ಟು ದೀರ್ಘಾಯುಸ್ಸು ಅಪರೂಪವಷ್ಟೆ!

ಆದರೆ ಅಕಾಲದಲ್ಲಿ ನುಡಿದ ತಲಾಖು ಪಾಪವಾದರೂ ಊರ್ಜಿತವೆಂದು ನಾಲ್ಕು ಸುನ್ನಿ ಪಂಥಗಳ ಮತ. ಇಬ್ನ್ ತೈಮಿಯ್ಯಾ ಇದನ್ನೊಪ್ಪಲಿಲ್ಲ. ಇಬ್ಬರು ಸಾಕ್ಷಿಗಳನ್ನೂ ವಿಧಿಸುವ ಶಿಯಾ ಶಾಸ್ತ್ರವೂ ಒಪ್ಪದು. ನಮಗೆ ಈ ಪಕ್ಷವೇ ಯುಕ್ತವಾಗಿ ತೋರುವುದು. ನಿಷೇಧಿಸಿದ್ದೇ ಫಲಿಸುವುದಾದರೆ ನಿಷೇಧಕ್ಕೆ ಬಲವೆಲ್ಲಿಯದು?

ಒಂದೇ ಉಸಿರಿನ ಮೂರು ತಲಾಖನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತಳ್ಳಿಹಾಕಿತು. 2019ರ ಶಾಸನವು ಅದನ್ನು ಅಪರಾಧವೆಂದಿತು. ಋತುಕಾಲದಲ್ಲಿ ಒಮ್ಮೆ ನುಡಿದುದರ ಗತಿಯೇನೆಂಬುದನ್ನು ಆ ತೀರ್ಪು ನಿರ್ಣಯಿಸಲಿಲ್ಲ.